ತೊರಾಜಿಯ ಮಾತು ಅಳಿಸಿದವರು ಯಾರು?

ಕೊಲೆಯಾದರೆ ಒಂದು ಅರ್ಥವಿದೆ. ಕಳವಾದರೂ ಒಂದು ಅರ್ಥವಿದೆ. ಆದರೆ ಟಿವಿಯಲ್ಲಿ ಆಡುವ ಆಟದೊಳಗಿನ ಜಪಾನಿ ರೌಡಿಯೊಬ್ಬನ ಕನ್ನಡ ಮಾತನ್ನು ಯಾರೋ ಅಳಿಸಿಬಿಟ್ಟರೆಂದು ಹುಡುಗಿಯೊಬ್ಬಳು ಮುದ್ದೇಬಿಹಾಳದಿಂದ ಮೊದಲ ಬಸ್ಸಿಗೆ ಬಸವನ ಬಾಗೇವಾಡಿಗೆ ಬಂದು ಕಣ್ಣೀರು ಹಾಕಿದರೆ, ಶ್ರೀಶೈಲಪ್ಪ ಮಾಸ್ತರರಂಥ ಮನುಷ್ಯ ಏನು ಮಾಡಬೇಕು? ಹಣೆ ಹಣೆ ಬಡಿದುಕೊಳ್ಳಬೇಕು. ಅದನ್ನೇ ಮಾಡಿದರು.

"ಅಕ್ಕೋರ, ಇದು ನಮ್ಮ ಕೆಲಸ ಅಲ್ಲ ಬಿಡ್ರಿ. ಈ ಆಟ ಆಡಿ ಆಡಿ ಹುಡುಗರ ಕಣ್ಣು ಹೋಗ್ಯಾವು, ಈಗ ಬುದ್ಧೀನೂ ಹೋತು."

ಜೋಹರಾಬಿ ಆ ಮಾತು ಕಿವಿಗೇ ಬೀಳದವರಂತೆ ಹುಡುಗಿಯ ಮುಂದೆ ಚಹಾದ ಕಪ್ಪು ಸರಿಸಿದರು. ಈ ಹೆಂಗಸಿನ ಜೊತೆ ಒಂದೇ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದರು ಮಾಸ್ತರರು. ಆಕೆ ಕನ್ನಡ ಕಲಿಸುತ್ತಿದ್ದರು, ಇವರು ಡ್ರಿಲ್ಲು. ಉತ್ತರ ಪತ್ರಿಕೆ ತಿದ್ದುವಾಗ ಯಾವ ಹುಡುಗ ಯಾರದನ್ನು ನೋಡಿ ಬರೆದಿದ್ದಾನೆಂದು ಕೂತಲ್ಲಿಂದಲೇ ಹೇಳುತ್ತಿದ್ದ ಆಕೆ, ನಿವೃತ್ತಿಯಾದ ಮೇಲೆ ನಾಲ್ಕು ತಾಲೂಕಿನ ಗಂಟುಗಳನ್ನೆಲ್ಲ ಬಿಡಿಸುತ್ತ ಕೂತಿದ್ದರು. ಗಂಟು ಬಿಡಿಸುವುದು ಅವರ ಪಾಲು, ಕಾರು ಓಡಿಸುವುದು ಮಾಸ್ತರರ ಪಾಲು. ಹೆಸರು ಅವರಿಗೆ, ಪಂಕ್ಚರು ಇವರಿಗೆ.

"ನಿನ್ನ ಹೆಸರು ತರನ್ನುಮ ಅಂದಿ. ಈಗ ಬುಡದಿಂದ ಹೇಳವಾ," ಎಂದರು ಜೋಹರಾಬಿ.

ತರನ್ನುಮ ಓಢಣಿಯಿಂದ ಮೂಗು ಒರೆಸಿಕೊಂಡಳು. "ಖಾಲಾ, ‘ಕಾಗೆಮಾಚಿ’ ಅಂತ ಒಂದು ಜಪಾನಿ ಆಟ ಐತ್ರಿ. ಎಂಟು ಭಾಗ ಬಂದಾವು."

"ಕಾಗಿಗೂ ರೌಡಿಗೂ ಏನ ಸಂಬಂಧ?" ಎಂದರು ಮಾಸ್ತರರು.

"ಕಾಗಿ ಅಲ್ರಿ ಸರ. ಅವರ ಭಾಷಾದಾಗ ಕಾಗೆ ಅಂದ್ರ ನೆರಳು. ನೆರಳಿನ ಪ್ಯಾಟಿ ಅಂತ ಅರ್ಥ. ತೊರಾಜಿ ಅಂತ ಒಬ್ಬ ದಾದಾ ಅದಾನ. ಹೊಡೆದಾಟ ಬಿಡಬೇಕಂತಾನ, ಯಾರೂ ಬಿಡಗೊಡೂದಿಲ್ಲ."

ಮುದ್ದೇಬಿಹಾಳದ ಮಂಜೂರನ ಗೇಮ್ ಅಂಗಡಿಯಲ್ಲಿ ಆ ಆಟದ ಅಭಿಮಾನಿಗಳ ಕೂಟವೊಂದಿತ್ತು. ಸಿಂದಗಿಯಿಂದ, ಇಂಡಿಯಿಂದ ಬಂದು ಸೇರುತ್ತಿದ್ದರು. ತರನ್ನುಮ ಹಗಲೆಲ್ಲ ಸೀರೆ ಅಂಗಡಿಯಲ್ಲಿ ಗಿರಾಕಿಗಳು ಬಿಚ್ಚಿ ಎಸೆದ ಸೀರೆ ಮಡಚುತ್ತಿದ್ದಳು. ಉಳಿದ ವೇಳೆಯಲ್ಲಿ ಮೊಬೈಲಿನಲ್ಲಿ ಜಪಾನಿ ಕಲಿತು, ಎರಡು ವರ್ಷ ತಿಣುಕಾಡಿ, ಮೂರನೇ ಭಾಗದ ಮಾತನ್ನೆಲ್ಲ ತನ್ನೂರಿನ ಕನ್ನಡಕ್ಕೆ ತಂದಿದ್ದಳು. ಪರದೆಯ ಕೆಳಗೆ ಅದು ಅಕ್ಷರವಾಗಿ ಬರುತ್ತಿತ್ತು, ಜೊತೆಗೆ ತನ್ನ ದನಿಯಲ್ಲೇ ಓದಿ ತುಂಬಿಸಿದ್ದಳು. ಸಿನಿಮಾ, ಆಟಗಳಿಗೆ ಮಾತು ಬರೆಯುವ ಪುಣೆಯ ಕಂಪನಿಯೊಂದು ಅದನ್ನು ಭಾನುವಾರ ವಿಡಿಯೋ ಕಾಲಿನಲ್ಲಿ ನೋಡುತ್ತೇವೆಂದಿತ್ತು. ಒಪ್ಪಿಗೆಯಾದರೆ ನೌಕರಿ.

"ಇಲ್ಲಾಂದ್ರ ನಾ ಜನ್ಮಪೂರ್ತಿ ಮಂದಿ ಸೀರಿ ಮಡಚ್ಕೋತ ಕುಂದ್ರಬೇಕ್ರಿ. ನಂಗದು ಬ್ಯಾಡಾಗೇತಿ ಖಾಲಾ, ಬ್ಯಾಸತ್ತೇನಿ," ಎಂದು ಮತ್ತೆ ಅತ್ತಳು.

"ಮತ್ತೊಂದು ಕಾಪಿ ಇಟ್ಕೊಂಡಿಲ್ಲೇನು?" ಎಂದು ಗದರಿದರು ಮಾಸ್ತರರು.

"ಲ್ಯಾಪ್‌ಟಾಪಿನ್ಯಾಗ ಇತ್ರಿ. ಹ್ವಾದ ವಾರ ಕರೆಂಟ್ ಜಾಸ್ತಿ ಬಂದು ಸುಟ್ಟು ಹೋತು. ಅಂಗಡಿ ಮಷೀನಿನ್ಯಾಗ ಐತೆಲ್ಲ ಅಂತ ಸುಮ್ಮನಿದ್ದೆ. ಬುಧವಾರ ಕೂಟ ಇತ್ತು. ಎಲ್ಲಾರೂ ಕೆಳಗ ಚಾ ಕುಡ್ಯಾಕ ಹೋಗಿ ಬಂದೇವಿ. ಆಮ್ಯಾಲೆ ನೋಡಿದ್ರ ಮಾತಿನ ಫೈಲು ಇಲ್ಲ."

"ಒಂದ ಫೈಲು ಇತ್ತೇನು?" ಎಂದರು ಜೋಹರಾಬಿ.

"ಎರಡ್ರಿ. ಮಾತಿಂದೊಂದು, ಆಟದಾಗಿನ ಅಂಗಡಿ ಬೋರ್ಡು ಗೀರ್ಡಿಂದೊಂದು. ಬೋರ್ಡಿಂದು ಹಂಗ ಐತಿ. ಮಾತ ಹೋದ ಮ್ಯಾಲೆ ಬೋರ್ಡ್ ತಗೊಂಡ ಏನ ಮಾಡ್ಲಿ? ಒಂದೊಂದು ಶಬ್ದಕ್ಕ ಎಷ್ಟ ಒದ್ದಾಡೇನಿ! ಅವರು ಒಂದ ಬಟ್ಟಲದಾಗ ಕುಡದು ಅಣ್ಣ-ತಮ್ಮ ಆಗ್ತಾರ, ಅದಕ್ಕ ನಮ್ಮಾಗ ಶಬ್ದ ಇಲ್ಲ. ಮಾತು ಪಕ್ಕಾ ಆದ್ರ ನಾವು ಸಕ್ರಿ ಹಂಚ್ತೇವಲ್ರಿ, ಅದನ್ನ ಹಿಡದು ‘ಸಕ್ರಿ ತಮ್ಮ’ ಅಂತ ನಾನ ಹುಟ್ಟಿಸಿದೆ. ‘ಗಪ್ ಕುಂಡ್ರಲೇ’ ಅನ್ನೂದು ಎಲ್ಲಿ ಹಾಕಬೇಕು, ‘ಬಾಯಿ ಮುಚ್ಚು’ ಎಲ್ಲಿ ಹಾಕಬೇಕು ಅಂತ ವಾರಗಟ್ಟಲೆ ಕುಂತೇನಿ. ಆದಿತ್ವಾರ ಒಮ್ಮೆಲೆ ತೋರಸೂಣು ಅಂತ ಯಾರಿಗೂ ಒಂದು ಸಾಲೂ ಹೇಳಿರಲಿಲ್ಲ."

ಜೋಹರಾಬಿ ಎದ್ದು ಚಪ್ಪಲಿ ಹಾಕಿಕೊಂಡರು. ಅದರ ಅರ್ಥ ಮಾಸ್ತರರಿಗೆ ಚೆನ್ನಾಗಿ ಗೊತ್ತಿತ್ತು. ಗೊಣಗುತ್ತ ಕಾರಿನ ಕೀಲಿ ಹುಡುಕಿದರು.

ಮಂಜೂರನ ಅಂಗಡಿ ಸೈಕಲ್ ರಿಪೇರಿ ಅಂಗಡಿಯ ಮೇಲಿತ್ತು. ಒಳಗೆ ಕಾಲಿಟ್ಟರೆ ಗೋಡೆ ತುಂಬ ಹೊಡೆದಾಡುವವರ ಚಿತ್ರ. ತೊರಾಜಿಯ ಆಟವಿದ್ದದ್ದು ಮುಂಬೈಯಿಂದ ತರಿಸಿದ ಹಳೆಯ ಜಪಾನಿ ಮಷೀನಿನಲ್ಲಿ. ಇದೇನು ಮಹಾ ವಿದ್ಯೆಯೋ ನೋಡೋಣವೆಂದು ಮಾಸ್ತರರು ರಿಮೋಟಿನಂಥದನ್ನು ಕೈಗೆತ್ತಿಕೊಂಡರು. ಅದರ ಮೇಲೆ ಗುಂಡು, ಗುಣಾಕಾರ, ಚೌಕ, ತ್ರಿಕೋನದ ಗುಂಡಿಗಳು. ಗುಣಾಕಾರ ಒತ್ತಿದರು. ಪರದೆ ಹಿಂದಕ್ಕೆ ಹೋಯಿತು. ಮತ್ತೆ ಒತ್ತಿದರು. ಮತ್ತೂ ಹಿಂದಕ್ಕೆ.

"ಸರ, ಈಗೆಲ್ಲ ನಮ್ಮ ಕಡೆ ಸಿಗೂ ಮಷೀನಿನ್ಯಾಗ ಗುಣಾಕಾರ ಅಂದ್ರ ಹೌದು, ಗುಂಡು ಅಂದ್ರ ಬ್ಯಾಡ," ಎಂದ ಮಂಜೂರ. "ಈ ಹಳೀ ಜಪಾನಿದ್ರಾಗ ಉಲ್ಟಾ. ಗುಂಡು ಅಂದ್ರ ಹೌದು, ಗುಣಾಕಾರ ಅಂದ್ರ ಬ್ಯಾಡ. ಅವರ ಸಾಲ್ಯಾಗ ಬರೋಬ್ಬರಿ ಉತ್ತರಕ್ಕ ಮಾಸ್ತರರು ಗುಂಡು ಹಾಕ್ತಾರಂತ."

"ಬರೋಬ್ಬರಿ ಉತ್ತರಕ್ಕ ಸೊನ್ನಿ? ಹಿಂಗಾದ್ರ ನಮ್ಮ ಸಾಲಿ ಹುಡುಗರೆಲ್ಲ ಜಪಾನಿನ್ಯಾಗ ಫಸ್ಟ್ ಕ್ಲಾಸ್ ಬರ್ತಿದ್ರು," ಎಂದು ಮಾಸ್ತರರು ಅದನ್ನು ಕುಕ್ಕಿದರು.

ಜೋಹರಾಬಿ ಮಂಜೂರನಿಂದ ಕಾಪಿ ಮಾಡುವುದು, ಅಳಿಸುವುದು ಎಲ್ಲ ತೋರಿಸಿಕೊಂಡರು. ಫೈಲಿನ ಮೇಲೆ ನಿಂತು ತ್ರಿಕೋನ ಒತ್ತಿದರೆ ‘ಕಾಪಿ’, ‘ಅಳಿಸು’ ಎರಡೂ ಒಂದರ ಕೆಳಗೊಂದು ಬರುತ್ತಿದ್ದವು, ಎಲ್ಲ ಜಪಾನಿ ಲಿಪಿಯಲ್ಲಿ. ಅಳಿಸುವ ಮುಂಚೆ ಮಷೀನು ಒಮ್ಮೆ ಕೇಳುತ್ತಿತ್ತು: ಹೌದೋ, ಬ್ಯಾಡೋ?

"ಬುಧವಾರ ನೀವೆಲ್ಲ ಚಾಕ್ಕ ಇಳದಾಗ ಮ್ಯಾಲೆ ಯಾರ್ಯಾರು ಬಂದಿದ್ರು?"

"ಮೂರೂ ಮಂದಿ ಒಂದೊಂದ ಸಲ ಬಂದೇವ್ರಿ. ನಾ ಫ್ಯಾನ್ ಆರಸಾಕ ಬಂದಿದ್ದೆ. ಸಿಂದಗಿ ಯುವರಾಜ ಹೆಲ್ಮೆಟ್ ಬಿಟ್ಟಿದ್ದ. ಇಂಡಿ ಅನಿಲ ಮೊಬೈಲ್ ಚಾರ್ಜಿಗೆ ಹಚ್ಚಿದ್ದ. ನಾ ಯಾಕ ಅಳಸ್ಲಿ? ಕನ್ನಡ ಮಾತು ಕೇಳಾಕ ಮಂದಿ ಬಂದ್ರ ನನ್ನ ಅಂಗಡೀನ ನಡೀತೈತಿ. ನಂಗಂತೂ ಹೊಸಾ ಭಾಗಾನ ಪಸಂದ. ಪಾಳಿ ಪ್ರಕಾರ ಹೊಡೆದಾಟ. ಮುದುಕ್ರೂ ಆಡಬಹುದು, ನೀವೂ ಆಡಬಹುದು."

ಮುದುಕರು ಎಂದದ್ದಕ್ಕೆ ಮಾಸ್ತರರ ಮೀಸೆ ಅಲುಗಾಡಿತು.

ಮರುದಿನ ಸಿಂದಗಿ. ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ ಮಾಡುವ ಯುವರಾಜ ‘ಕಾಗೆಮಾಚಿ’ ಎನ್ನುತ್ತಲೇ ಗಿರಾಕಿಯನ್ನು ಅಲ್ಲೇ ನಿಲ್ಲಿಸಿ ಹೊರಬಂದ.

"ಐದನೇ ಭಾಗಕ್ಕ ಆಟ ಸತ್ತೋತ್ರಿ! ಮದಲ ದಾದಾ ಎದುರು ಬಂದಾವಗ ಅಲ್ಲೇ ಕೊಡ್ತಿದ್ದ. ಈಗ ಪಾಳಿ ಅಂತ. ನಾ ಒಂದು ಹೊಡೀತೇನಿ, ನಿಂತ್ಕೋತೇನಿ. ನೀ ಒಂದು ಹೊಡಿ, ನಿಂತ್ಕೋ. ನೀವು ಮದ್ಲ, ಇಲ್ಲಿಲ್ಲ ನೀವ ಮದ್ಲ! ಇದೇನ್ ಹೊಡೆದಾಟಾನೋ, ಬೀಗರ ಊಟಾನೋ?"

ನಗು ಬಂದರೂ ಮಾಸ್ತರರು ತಡೆದುಕೊಂಡರು. ಇಂಥವರ ಮುಂದೆ ನಕ್ಕರೆ ಮಾತು ಸಂಜೆತನಕ ಮುಗಿಯುವುದಿಲ್ಲ.

"ತರನ್ನುಮನ ಕೆಲಸದ ಮ್ಯಾಲೆ ಏನ ಅಭಿಪ್ರಾಯ?" ಎಂದರು ಜೋಹರಾಬಿ.

"ಮದ್ಲನೇದು ಬಿಟ್ಟು ಮೂರನೇದು ಯಾಕ ತಗೊಂಡ್ಳು ಅಂತ ಜಗಳಾಡೇನಿ. ಅಷ್ಟ. ನಾ ವಾರಾ ವಾರಾ ಹೋಗಿ ಅಲ್ಲೇ ಆಡಾಂವ್ರಿ, ನನ್ನ ಆಟಾನೂ ಆ ಮಷೀನಿನ್ಯಾಗ ಐತಿ. ಅದಕ್ಕ ಕೈ ಹಚ್ಚತೇನೇನು? ಆಕಿ ಕೆಲಸಕ್ಕ ಖರೇ ವಿರೋಧ ಇದ್ದಾಂವ ಅನಿಲ. ನಮ್ಮ ಮೊಬೈಲ್ ಗುಂಪಿನ್ಯಾಗ ಅವನ ಮಾತು ಕೇಳ್ರಿ."

ಮೊಬೈಲಿನಲ್ಲಿ ಅನಿಲನ ದನಿ ಕೇಳಿಸಿದ. "ದಾದಾನ್ನ ಜಪಾನಿಯಾಗ ಕೇಳಬೇಕು. ತೊರಾಜಿ ಬಾಯಾಗ ಮುದ್ದೇಬಿಹಾಳದ ಭಾಷಾ ತುರುಕಿದ್ರ ಅಂವ ದಾದಾ ಅಲ್ಲ, ಬಸ್ ಸ್ಟ್ಯಾಂಡಿನ ಹಮಾಲ ಆಗ್ತಾನ. ಇದು ಆಟಕ್ಕ ಮಾಡೂ ಅವಮಾನ." ಅದರ ಕೆಳಗೆ ಮೂರು ಮಂದಿ ಚಪ್ಪಾಳೆಯ ಚಿತ್ರ ಹಾಕಿದ್ದರು.

"ಸಿಕ್ಕ ಬಿಟ್ಟ!" ಎಂದರು ಮಾಸ್ತರರು ಕಾರು ಹತ್ತುತ್ತ. "ಅವನ ಅಳಸ್ಯಾನ. ಇನ್ನೇನ ಪತ್ತೇದಾರಿ? ಮನಿಗೆ ಹೋಗೂಣು."

"ಅಳಸಾಕ ಬಂದಾಂವ ಒಂದ ಫೈಲು ಅಳಸಿ ಒಂದು ಯಾಕ ಬಿಟ್ಟ ಮಾಸ್ತರ?" ಎಂದು ಕೇಳಿ ಜೋಹರಾಬಿ ಕಿಟಕಿ ಕಡೆ ಮುಖ ತಿರುಗಿಸಿದರು. ಇಂಡಿ ಬರುವ ತನಕ ಮತ್ತೊಂದು ಮಾತಿಲ್ಲ. ಇದಕ್ಕಿಂತ ಕಿರಿಕಿರಿ ಲೋಕದಲ್ಲಿ ಇನ್ನೊಂದಿರಲಿಲ್ಲ. ಪ್ರಶ್ನೆ ಕೇಳುವುದು, ಉತ್ತರ ತನ್ನ ಹತ್ತಿರವೇ ಇಟ್ಟುಕೊಳ್ಳುವುದು. ಸಾಲಿಯಲ್ಲೂ ಈ ಹೆಂಗಸು ಹೀಗೇ ಇದ್ದರು.

ಅನಿಲನ ಮನೆಯಲ್ಲಿ ಲಿಂಬೆಹಣ್ಣಿನ ವ್ಯಾಪಾರ. ಪಡಸಾಲೆ ತುಂಬ ಹಣ್ಣಿನ ರಾಶಿ. ಅವನ ತಾಯಿ ಸಿದ್ದವ್ವ ದೊಡ್ಡದು ಸಣ್ಣದು ಬೇರೆ ಮಾಡುತ್ತ ಕೂತಿದ್ದಳು. ಒಳಕೋಣೆಯಲ್ಲಿ ಅನಿಲನ ಸ್ವಂತ ಮಷೀನು, ವಿಜಯಪುರದಲ್ಲಿ ಕೊಂಡದ್ದು. ಇವರನ್ನು ಕಂಡು ಅವನು ಆಟ ನಿಲ್ಲಿಸಿದ. ಇನ್ನೂ ಆಡುತ್ತೀಯಾ ಎಂದು ಅದು ಕೇಳಿದ್ದಕ್ಕೆ ಗುಂಡು ಒತ್ತಿ ಹೊರಬಂದ.

"ಬ್ಯಾಡ ಅನ್ನಾಕ ಗುಂಡಂದೇನು?" ಎಂದರು ಜೋಹರಾಬಿ.

"ಹೌದ್ರಿ."

"ಮುದ್ದೇಬಿಹಾಳದ ಮಷೀನಿನ್ಯಾಗೂ ಹಂಗನ?"

"ನಂಗೊತ್ತಿಲ್ರಿ. ಅದನ್ನ ನಾ ಮುಟ್ಟೇ ಇಲ್ಲ. ಕೂಟಕ್ಕ ಹೋಗ್ತೇನಿ, ಮಾತಾಡ್ತೇನಿ, ಬರ್ತೇನಿ. ಆಡೂದು ಇಲ್ಲೇ." ಅನಿಲನ ಹಣೆಯಲ್ಲಿ ಬೆವರು ಮೂಡಿತ್ತು. ಆದರೆ ಬೇಸಿಗೆಯಲ್ಲಿ ಇಂಡಿಯಲ್ಲಿ ಯಾರ ಹಣೆ ಒಣಗಿರುತ್ತದೆ?

ಸಿದ್ದವ್ವ ಲಿಂಬು ಶರಬತ್ತು ತಂದಳು. ಮಾಸ್ತರರನ್ನೂ ಜೋಹರಾಬಿಯನ್ನೂ ಒಮ್ಮೆ ನೋಡಿ, "ನೀವಿಬ್ಬರೂ ಒಂದ ಊರಾವ್ರೇನ್ರಿ?" ಎಂದಳು.

"ಒಂದ ಸಾಲ್ಯಾಗ ಇದ್ದೇವಿ. ಈಗ ನಾ ಇವರ ಡ್ರೈವರ್," ಎಂದರು ಮಾಸ್ತರರು ಸಿಡುಕಿ.

"ಇರ್ಲಿ ಬಿಡ್ರಿ ಯಪ್ಪಾ. ಒಡಹುಟ್ಟಿದಾವ್ರು ಹೊಲ ಹಂಚ್ಕೊಂಡು ಹೋಗಿಬಿಡ್ತಾರ. ಕಡೀತನಕ ಬರಾಂವ ಸಕ್ರಿ ತಮ್ಮನ." ಹೀಗೆಂದು ಅವಳು ಮತ್ತೆ ಲಿಂಬೆಯ ರಾಶಿಗೆ ಹೋದಳು.

ಶರಬತ್ತಿನಲ್ಲಿ ಸಕ್ಕರೆ ಕಡಿಮೆಯಿತ್ತು. ಮಾಸ್ತರರ ಗಮನವೆಲ್ಲ ಅಲ್ಲೇ ಇತ್ತು.

ಶನಿವಾರ ಮಧ್ಯಾಹ್ನ ಎಲ್ಲರೂ ಮಂಜೂರನ ಅಂಗಡಿಯಲ್ಲಿ ಸೇರಿದರು. ತರನ್ನುಮಳ ಕಣ್ಣು ಅತ್ತು ಅತ್ತು ಬಾತಿದ್ದವು. ಪುಣೆಯವರಿಗೆ ಏನು ಹೇಳಬೇಕೆಂಬ ಚಿಂತೆಯಲ್ಲಿ ಅವಳು ಬೆಳಗಿನಿಂದ ಊಟ ಬಿಟ್ಟಿದ್ದಳು. ಜೋಹರಾಬಿ ಪರೀಕ್ಷಾ ಕೋಣೆಯಲ್ಲಿ ನಿಂತಂತೆ ಟಿವಿಯ ಪಕ್ಕ ನಿಂತರು. ಮಂಜೂರ ಅವರ ಮಾತಿನಂತೆ ಮಷೀನಿನಲ್ಲಿ ಖಾಲಿ ಫೈಲೊಂದನ್ನು ಹಾಕಿಟ್ಟಿದ್ದ. ಪರದೆಯ ಮೇಲೆ ಜಪಾನಿ ಅಕ್ಷರದ ಪ್ರಶ್ನೆ: ಅಳಿಸಲೋ?

"ಒಬ್ಬೊಬ್ಬರ ಬರ್ರಿ. ಅಳಸೂದು ಬ್ಯಾಡ ಅಂತ ಹೇಳಬೇಕು. ವಿಚಾರ ಮಾಡಬ್ಯಾಡ್ರಿ, ಲಗೂನ ಒತ್ರಿ. ಮಾಸ್ತರ, ಮದ್ಲ ನೀವು."

"ನಾ ಯಾಕ್ರಿ? ನಾ ಕಳ್ಳೇನು?" ಎಂದು ಗುರುಗುಟ್ಟುತ್ತಲೇ ಮಾಸ್ತರರು ಗುಣಾಕಾರ ಒತ್ತಿದರು. ಫೈಲು ಉಳಿಯಿತು. ಮಂಜೂರ ಗುಣಾಕಾರ ಒತ್ತಿದ, ಯುವರಾಜ ಗುಣಾಕಾರ ಒತ್ತಿದ. ಕೊನೆಗೆ ಅನಿಲ. ಅವನ ಹೆಬ್ಬೆರಳು ಒಂದು ಗಳಿಗೆಯೂ ತಡೆಯದೆ ಗುಣಾಕಾರದ ಮೇಲೆ ಬಿತ್ತು. ಫೈಲು ಉಳಿಯಿತು.

"ನಾಕೂ ಮಂದಿ ಪಾಸ್!" ಎಂದರು ಮಾಸ್ತರರು ರೋಸಿಹೋಗಿ. "ಇದಕ್ಕ ಬಾಗೇವಾಡಿಯಿಂದ ಬಂದೇವೇನ್ರಿ?"

"ಮೂರ ಮಂದಿ ಪಾಸ್," ಎಂದರು ಜೋಹರಾಬಿ. "ಒಬ್ಬಾಂವ ಕಾಪಿ ಹೊಡದಾನ."

ಜೋಹರಾಬಿ ಎಲ್ಲರ ಕಡೆ ತಿರುಗಿದರು.

"ಕೇಳ್ರಿ. ವೈರಿ ಆಗಿದ್ರ ಎರಡೂ ಫೈಲು ಅಳಸ್ತಿದ್ದ. ಇಲ್ಲಿ ಒಂದು ಹೋಗೇತಿ, ಒಂದು ಉಳದೈತಿ. ಅಂದ್ರ ಒಂದು ಹೋಗೂದ ನೋಡಿ ಅಂವ ಗಾಬರಿಯಾಗಿ ಎದ್ದಾನ. ಅವಗ ಅಳಸೂದು ಬೇಕಾಗಿರಲಿಲ್ಲ. ಮಷೀನು ಕೇಳೇತಿ, ಅಂವ ಬ್ಯಾಡ ಅಂದಾನ, ಆದ್ರ ಅದು ಹೌದು ಅಂತ ತಿಳದೈತಿ. ಹಂಗ ಆಗಬೇಕಂದ್ರ ಬ್ಯಾಡ ಅನ್ನಾಕ ಅಂವ ಗುಂಡು ಒತ್ತಿರಬೇಕು. ಮಂಜೂರಂದೂ ಯುವರಾಜಂದೂ ಈ ಮಷೀನಿಗೆ ರೂಢಿಯಾದ ಕೈ, ಅವರು ಒತ್ತೂದಿಲ್ಲ. ಏನೂ ಬರದ ನಮ್ಮ ಮಾಸ್ತರರೂ ಒತ್ತೂದಿಲ್ಲ. ಸಾಲ್ಯಾಗ ತಪ್ಪಿಗೆ ಗುಣಾಕಾರ ಹಾಕಿ ಹಾಕಿ ಅವರ ಕೈ ಹಂಗ ಕುಂತೈತಿ. ಗುಂಡು ಒತ್ತಾಂವ ಒಬ್ಬನ. ಬ್ಯಾರೆ ಮಷೀನಿನ್ಯಾಗ ದಿನಾ ಆಡಾಂವ."

ಎಲ್ಲರ ಕಣ್ಣು ಅನಿಲನ ಕಡೆ ತಿರುಗಿದವು.

"ಆದ್ರ ನಾ ಈಗ ಗುಣಾಕಾರ ಒತ್ತಿದ್ನೆಲ್ರಿ!" ಎಂದ ಅನಿಲ.

"ಅದಕ್ಕ ಸಿಕ್ಕಿ ನೋಡು. ಈ ಮಷೀನ್ ಮುಟ್ಟೇ ಇಲ್ಲ, ಇದರಾಗ ಹ್ಯಾಂಗೈತೋ ಗೊತ್ತಿಲ್ಲ ಅಂತ ನಿನ್ನೆ ನನಗ ಹೇಳಿದಿ. ಖರೇ ಗೊತ್ತಿರಲಿಲ್ಲಂದ್ರ ಇವತ್ತು ನಿನ್ನ ಬೆರಳು ಗುಂಡಿನ ಮ್ಯಾಲೆ ಬೀಳಬೇಕಿತ್ತು. ಹಾಲು ಕುಡಿದು ಬಾಯಿ ಸುಟ್ಕೊಂಡಾಂವ ಮಜ್ಜಿಗಿನೂ ಊದಿ ಕುಡೀತಾನ. ನಿನ್ನ ಬಾಯಿ ಬುಧವಾರ ಸುಟ್ಟೈತಿ."

"ಯಾರೋ ಹೇಳಿರ್ತಾರ್ರಿ, ನೆನಪಿಲ್ಲ..."

"ಇರಬಹುದು. ಹಂಗಾದ್ರ ‘ಸಕ್ರಿ ತಮ್ಮ’ ಅಂತ ನಿಮ್ಮವ್ವಗ ಯಾರು ಹೇಳಿದ್ರು?"

ತರನ್ನುಮ ಕೂತಲ್ಲಿಂದ ಎದ್ದೇಬಿಟ್ಟಳು. ಅದು ಇಂಡಿಯ ಹಳೆ ಗಾದೆಯೆಂದೇ ತಿಳಿದಿದ್ದ ಮಾಸ್ತರರ ಕಿವಿ ಬಿಸಿಯಾದವು. ಹುಡುಗಿ ಹೇಳಿದಾಗಲೂ ಅವರು ಅಲ್ಲೇ ಇದ್ದರು, ಮುದುಕಿ ಅಂದಾಗಲೂ ಅಲ್ಲೇ ಇದ್ದರು.

"ಆ ಶಬ್ದ ಹುಟ್ಟಿದ್ದು ಈಕಿ ತಲ್ಯಾಗ," ಎಂದರು ಜೋಹರಾಬಿ. "ಈಕಿ ಯಾರಿಗೂ ಹೇಳಿಲ್ಲ. ಅದು ಇದ್ದದ್ದು ಆ ಫೈಲಿನ್ಯಾಗ ಅಷ್ಟ. ಅದು ಇಂಡಿಗೆ ಹೋಗಿ ನಿಮ್ಮ ಪಡಸಾಲ್ಯಾಗ ಮಾತಾಡಾಕತ್ತೈತಿ ಅಂದ್ರ ಫೈಲು ಸತ್ತಿಲ್ಲ, ನಿನ್ನ ಹಂತ್ಯಾಕ ಐತಿ. ಮದ್ಲ ಕಾಪಿ ಮಾಡ್ಕೊಂಡಿ. ಪೂರ್ತಿ ಆತೋ ಇಲ್ಲೋ ಅಂತ ಮತ್ತೊಮ್ಮೆ ನೋಡಾಕ ಹೋಗಿ, ಲಿಪಿ ಬರದ ಕೆಳಗಿನ ಸಾಲು ಒತ್ತಿದಿ. ಮಷೀನ್ ಕೇಳ್ತು. ಹೆದರಿ, ಮನಿ ಮಷೀನಿನ ರೂಢೀಲೆ ಗುಂಡು ಒತ್ತಿದಿ. ಹೌದೋ ಅಲ್ಲೋ?"

ಅನಿಲ ಕಿಸೆಯಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟ. "ಹೌದ್ರಿ."

ತರನ್ನುಮ ಅದನ್ನು ಕಸಿದುಕೊಂಡು ಎದೆಗೆ ಒತ್ತಿ ಹಿಡಿದಳು. ಆಮೇಲೆ ಅವಳಿಗೆ ಬಂದ ಸಿಟ್ಟು ನೋಡಬೇಕಿತ್ತು. "ಮೂರ ದಿನ! ನಾ ಇಲ್ಲಿ ಸತ್ತು ಹುಟ್ಟಾಕತ್ತೇನಿ, ನೀ ಅಲ್ಲಿ ಕುಂತು ನೋಡಾಕತ್ತಿ! ಎಲ್ಲಾರ ಮುಂದ ಹಮಾಲನ ಭಾಷಾ ಅಂದಿ. ಹಮಾಲನ ಭಾಷಾ ನಿನಗ್ಯಾಕ ಬೇಕಿತ್ತೋ?"

"ಗುಂಪಿನ್ಯಾಗ ಹಂಗಂದ ಬಿಟ್ಟಿದ್ದೆ. ಚಪ್ಪಾಳೆ ಬಿದ್ವು. ಆಮ್ಯಾಲೆ ಬೇಕು ಅಂತ ಕೇಳಾಕ ಮಾರಿ ಇರಲಿಲ್ಲ," ಎಂದ ಅನಿಲ ನೆಲ ನೋಡುತ್ತ. "ಕಳವು ಅಂದ್ರ ಪೊಲೀಸಿಗೆ ಕೊಡ್ತೀರಿ ಅಂತ ಅಂಜಿ ಸುಮ್ಮನಾದೆ. ಇವತ್ತು ಹ್ಯಾಂಗರ ಮಾಡಿ ಇಲ್ಲೇ ಇಟ್ಟು ಹೋಗಬೇಕಂತ ಕಿಸೇದಾಗ ಹಾಕ್ಕೊಂಡ ಬಂದೇನಿ."

"ಗುಂಪಿನ್ಯಾಗ ಅಂದದ್ದನ್ನ ಗುಂಪಿನ್ಯಾಗನ ತಿದ್ದಬೇಕು," ಎಂದಳು ತರನ್ನುಮ. "ತಗೀ ಮೊಬೈಲು. ನಿನ್ನ ಖರೇ ಅಭಿಪ್ರಾಯ ಈಗ ಬರಿ. ಹೆಸರು ಹಾಕಿ ಬರಿ."

ಅನಿಲ ಬರೆದ, ಅಳಿಸಿದ, ಮತ್ತೆ ಬರೆದ. ಇವನ ಅಭಿಪ್ರಾಯ ಕೇಳಿ ಲೋಕಕ್ಕೇನಾಗಬೇಕಾಗಿದೆಯೆಂದು ಮಾಸ್ತರರು ಉಸ್ಸೆಂದರು. ಕೊನೆಗೆ ಕೋಣೆಯಲ್ಲಿದ್ದ ಮೊಬೈಲುಗಳೆಲ್ಲ ಒಂದರ ಹಿಂದೊಂದು ಟಿಣ್ ಎಂದವು. ಯುವರಾಜ ದೊಡ್ಡದಾಗಿ ಓದಿದ:

"ತರನ್ನುಮನ ಫೈಲು ನಾನ ಕದ್ದೇನಿ. ನಮ್ಮವ್ವಗ ಓದಾಕ ಬರೂದಿಲ್ಲ. ನಾ ಆಡೂದನ್ನ ಆಕಿ ಇಷ್ಟು ವರ್ಷ ಬಾಗಲಾಗ ನಿಂತು ನೋಡಿ ಸುಮ್ನ ಹೋಗ್ತಿದ್ಳು. ಈಗ ಮುಂದ ಬಂದು ಕುಂದರ್ತಾಳ. ಕಾಪಿ ಅರ್ಧಕ್ಕ ನಿಂತೈತಿ, ಏಳನೇ ಅಧ್ಯಾಯದ ಮುಂದಿಲ್ಲ. ತೊರಾಜಿ ಉಪವಾಸ ಅದಾನ, ಅವಗ ಊಟ ಸಿಕ್ಕತೇನು ಅಂತ ಅವ್ವ ಕೇಳಾಕತ್ತಾಳ. ನಾ ಏನ ಹೇಳ್ಲಿ?"

ಹೊಸ ಭಾಗ, ಹಳೆ ಭಾಗ ಎಂದು ವರ್ಷಗಟ್ಟಲೆ ಕಚ್ಚಾಡಿದ ಯುವರಾಜನೂ ಮಂಜೂರನೂ ಮುಖ ಮುಖ ನೋಡಿಕೊಂಡರು. ತರನ್ನುಮಳಿಗೆ ‘ಅರ್ಧಕ್ಕೆ’ ಎಂಬ ಮಾತು ಮೊದಲು ಎದೆಗೆ ನಾಟಿತು. ಓಡಿ ಹೋಗಿ ಪೆನ್‌ಡ್ರೈವ್ ಹಚ್ಚಿ ನೋಡಿದಳು. ಏಳು ಅಧ್ಯಾಯ ಇದ್ದವು, ಉಳಿದ ಐದು ಇರಲಿಲ್ಲ.

"ಪುಣೆದವರು ಎಷ್ಟು ಕೇಳ್ಯಾರ?" ಎಂದರು ಜೋಹರಾಬಿ ಮೆಲ್ಲಗೆ.

"ನಾಕ ಅಧ್ಯಾಯ ಸಾಕಂದಾರ್ರಿ." ತರನ್ನುಮ ಕಣ್ಣೊರೆಸಿಕೊಂಡಳು. "ಉಳದದ್ದನ್ನ ಮತ್ತ ಮಾಡ್ತೇನಿ. ಎಂಟನೇದು ಇವತ್ತ ಮಾಡ್ತೇನಿ, ಅದು ನನಗ ಬಾಯಿಪಾಠ ಐತಿ." ಅನಿಲನ ಕಡೆ ತಿರುಗಿದಳು. "ನಾಳಿ ನಿಮ್ಮವ್ವನ್ನ ಕರಕೊಂಡು ಬಾ. ಆಕಿಗೆ ನಾ ತೋರಸ್ತೇನಿ. ನೀ ಮಾತ್ರ ಒಳಗ ಕಾಲಿಡಬ್ಯಾಡ. ಹೊರಗ ಕುಂದ್ರು."

ಭಾನುವಾರ ಪುಣೆಯ ಹೆಂಗಸು ಪರದೆಯ ಮೇಲೆ ನಾಲ್ಕು ಅಧ್ಯಾಯ ನೋಡಿದಳು. ಆಟಕ್ಕಿಂತ ಹೆಚ್ಚಾಗಿ ಅದರ ಮುಂದೆ ಕೂತು, "ಹಿಂದ ನೋಡೋ ಖೋಡಿ, ಹಿಂದ!" ಎಂದು ತೊರಾಜಿಗೆ ಕೈ ಬೀಸಿ ಬೈಯುತ್ತಿದ್ದ ಸಿದ್ದವ್ವನನ್ನು ನೋಡಿದಳು. ಆಕೆ ಏನನ್ನುತ್ತಿದ್ದಾಳೆಂದು ಕೇಳಿದಳು. ತರನ್ನುಮ ಹಿಂದಿಯಲ್ಲಿ ಹೇಳಿದಳು. ಪುಣೆಯವಳು ಬಹಳ ಹೊತ್ತು ನಕ್ಕು, ಮುಂದಿನ ತಿಂಗಳಿಂದಲೇ ಕೆಲಸಕ್ಕೆ ಸೇರಿಕೋ ಎಂದಳು. ಸೈಕಲ್ ಅಂಗಡಿಯವನೂ ಮೇಲೆ ಬಂದು ಪೇಢೆ ತಿಂದು ಹೋದ.

ಕಾಲ್ ಮುಗಿದರೂ ಸಿದ್ದವ್ವ ಜಾಗ ಬಿಟ್ಟು ಏಳಲಿಲ್ಲ. ತರನ್ನುಮ ಎಂಟನೇ ಅಧ್ಯಾಯ ಹಚ್ಚಿ ಅವಳ ಪಕ್ಕದಲ್ಲೇ ಕೂತಳು. ಬಾಗಿಲಲ್ಲಿ ನಿಂತಿದ್ದ ಮಾಸ್ತರರು ಹಟಕ್ಕೆ ಬಿದ್ದು ಒಳಗೆ ನೋಡುವುದಿಲ್ಲವೆಂದಿದ್ದರು, ಆದರೂ ಕುತ್ತಿಗೆ ತಾನೇ ಅತ್ತ ಹೊರಳುತ್ತಿತ್ತು. ಮೆಟ್ಟಿಲ ಮೇಲೆ ಕೂತಿದ್ದ ಅನಿಲ ಹತ್ತನೇ ಸಲ ಕೇಳಿದ.

"ಸರ, ಒಳಗ ಏನ ನಡದೈತ್ರಿ?"

"ಗಪ್ ಕುಂಡ್ರಲೇ," ಎಂದು ಗದರಿದರು ಶ್ರೀಶೈಲಪ್ಪ ಮಾಸ್ತರರು ಕಣ್ಣು ತಿರುಗಿಸದೆ. "ಅಂವ ಊಟ ಮಾಡಾಕತ್ತಾನ."